ಸೈರನ್ ಇಲ್ಲದ ನೀರು

ಕಡ್ಡಿರಾಂಪುರದ ನಮ್ಮ ಹೋಮ್‌ಸ್ಟೇಗೆ ಬರುವವರೆಲ್ಲ ಅರ್ಧ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಬರುತ್ತಾರೆ. ಹಂಪಿ ನೋಡುತ್ತಾರೆ, ಬಾಳೆ ತೋಟದಲ್ಲಿ ಫೋಟೋ ತೆಗೆಯುತ್ತಾರೆ, ರೊಟ್ಟಿ ತಿಂದು ತಲೆದೂಗುತ್ತಾರೆ. ಮುಂದೆ ಎಲ್ಲಿಗೆ ಎಂದರೆ ಎಲ್ಲರದೂ ಒಂದೇ ಉತ್ತರ, ಗೋಕರ್ಣ. ಹದಿನೈದು ವರ್ಷ ಈ ಉತ್ತರ ಕೇಳುತ್ತ ಅವರ ಚಾದರ ಒಗೆದವರು ನಾನು ಮತ್ತು ಅಕ್ಕ. ಅಕ್ಕ ಎಂದರೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಈ ಸಲ ಮಾರ್ಚ್ ಕೊನೆಗೆ ಬಂಡೆಗಳು ಕಾದು ಅತಿಥಿಗಳು ಕಡಿಮೆಯಾದಾಗ, ಚಾದರ ಹಿಂಡುತ್ತಲೇ ಅವಳು, "ನಾವೂ ಹೋಗೂಣೇನ್ಲೇ?" ಅಂದಳು.

ಭಾವ ಕೆಟ್ಟವರಲ್ಲ. ಆದರೆ ಅಕ್ಕ ಹೊಸಪೇಟೆಗೆ ತರಕಾರಿಗೆ ಹೋದರೂ ಎರಡು ಸಲ ಫೋನ್ ಮಾಡುವ ಮನುಷ್ಯ. "ಹೋಗ್ರಿ. ದಿನಾ ಸಂಜಿಗೆ ಫೋನ್ ಮಾಡ್ಬೇಕು. ಏನರ ಎಡವಟ್ ಆತಂದ್ರ ಜೀಪ್ ತಗಂಡು ಬಂದು ಕರ್ಕಂಡು ಬರ್ತೀನಿ. ಆಮ್ಯಾಗ ಇಂಥಾ ಮಾತು ಎತ್ತಬ್ಯಾಡ್ರಿ" ಅಂದರು. ಅಕ್ಕ ಒಪ್ಪಿದಳು. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದು ಕೆಟ್ಟರೆ ಮತ್ತೊಂದು ಇಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅತಿಥಿಗಳು ಬಿಟ್ಟುಹೋದ ಎರಡು ಬೆನ್ನುಚೀಲ ಅಟ್ಟದಿಂದ ಇಳಿದವು. ಅಕ್ಕ ತನ್ನದರಲ್ಲಿ ಖಡಕ್ ರೊಟ್ಟಿ ತುಂಬಿದಳು. ತಿಂಗಳಿಟ್ಟರೂ ಕೆಡುವುದಿಲ್ಲ ಎಂಬ ಧೈರ್ಯ. ಕುಮಟಾದಲ್ಲಿ ಬಸ್ಸಿಳಿದು ದಂಡೆ ಹಿಡಿದು ಉತ್ತರಕ್ಕೆ, ಗೋಕರ್ಣದ ಕಡೆ ನಡೆದೆವು. ಮಧ್ಯಾಹ್ನ ಡಬ್ಬಿ ತೆರೆದರೆ, ಮುರಿದರೆ ಟಪ್ಪೆನ್ನಬೇಕಾದ ರೊಟ್ಟಿ ಕಡಲಗಾಳಿಗೆ ಚಾದರದಂತೆ ಮಡಚಿಕೊಂಡಿತು. ಅಕ್ಕ ಅದನ್ನು ಎಳೆದೆಳೆದು ತಿಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆ ದಿನ ನಾವು ಎಷ್ಟು ಖುಷಿಯಾಗಿದ್ದೆವೆಂದು ಈಗ ಹೇಳಿದರೆ ಅತಿ ಎನಿಸಬಹುದು. ಮರಳ ತುಂಬ ಸಣ್ಣ ಏಡಿಗಳು, ಹತ್ತಿರ ಹೋದೊಡನೆ ತೂತಿನೊಳಗೆ ಮಾಯ. "ನಮ್ಮ ಗೆಸ್ಟ್‌ಗಳ ಜಾತಿ ನೋಡ್ ಇವು. ಬಿಲ್ ಕೊಡೋ ಹೊತ್ತಿಗೆ ರೂಮಿನ್ಯಾಗ ಹೊಕ್ಕಂತಾವ" ಅಂದಳು ಅಕ್ಕ. ಗರುಡವೊಂದು ತಲೆಯ ಮೇಲೇ ತೇಲುತ್ತ ಬಂತು. ನಮ್ಮನ್ನು ಕೂಗಿ ಕೆಲಸ ಹೇಳಲು ಯಾರೂ ಇರಲಿಲ್ಲ, ಒಲೆ ಹಚ್ಚುವ ಅವಸರವೂ ಇರಲಿಲ್ಲ.

ಸಂಜೆ ಒಂದು ಕಲ್ಲುಗುಡ್ಡೆಯ ಬುಡದಲ್ಲಿ ಚೀಲ ಇಳಿಸಿದೆವು. ಒದ್ದೆಯಾಗಬಾರದೆಂದು ಎರಡೂ ಫೋನುಗಳನ್ನು ಅಕ್ಕನ ಚೀಲದೊಳಗೇ ಹಾಕಿ, ಡಾಲ್ಫಿನ್ ಕಾಣುತ್ತವೆ ಎಂದು ಯಾರೋ ಅಂದಿದ್ದಕ್ಕೆ ಮೇಲೆ ಹತ್ತಿದೆವು. ಇಟ್ಟ ಜಾಗದ ಮರಳು ಹಸಿಯಾಗಿದೆಯಲ್ಲ ಎಂದು ನಾನು ಅನುಮಾನಿಸಿದೆ. ಅಕ್ಕ ಹುಟ್ಟಿ ಬೆಳೆದದ್ದು ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನಲ್ಲಿ, ಅವಳಪ್ಪ ಗೇಟಿನ ಕೆಲಸದಲ್ಲಿದ್ದವರು. ನೀರಿನ ವಿಷಯದಲ್ಲಿ ಅವಳಿಗೆ ಯಾರೂ ಬುದ್ಧಿ ಹೇಳುವಂತಿಲ್ಲ. "ಸುಮ್ನಿರ್ಲೇ. ನೀರು ಬಿಡಾಕ ಮುಂಚೆ ಸೈರನ್ ಹೊಡೀತಾರ" ಅಂದಳು. ನಾನೂ ಹೊಳೆ ಕಡೆಯವಳೇ, ಹೌದೆನಿಸಿತು.

ಡಾಲ್ಫಿನ್ ನಿಜವಾಗಿಯೂ ಬಂದವು. ಬೆನ್ನು ಮೇಲೆ, ಬೆನ್ನು ಕೆಳಗೆ, ಮತ್ತೆ ಮೇಲೆ. ಅಕ್ಕ ಚಪ್ಪಾಳೆ ತಟ್ಟಿದಳು. ಇಳಿದು ಬಂದರೆ ನಮ್ಮ ಚೀಲಗಳೂ ಹಾಗೆಯೇ ಮಾಡುತ್ತಿದ್ದವು.

ಸೊಂಟಮಟ್ಟ ನೀರಿಗಿಳಿದು ಎಳೆದು ತಂದೆವು. ಫೋನುಗಳೆರಡೂ ಸತ್ತಿದ್ದವು. ಬಲೆ ಬಿಡಿಸುತ್ತಿದ್ದ ಮೀನುಗಾರ ಹೆಂಗಸೊಬ್ಬರು ಓಡಿ ಬಂದು, "ಎಂತಾ ಆಯ್ತು? ಉಬ್ಬರ ಬರೋ ಹೊತ್ತಲ್ವಾ, ಇಲ್ಲಿಡೋದಾ?" ಎಂದರು. ಬೈದುಕೊಂಡೇ ಮನೆಗೆ ಕರೆದೊಯ್ದು ಒಣಸೀರೆ ಕೊಟ್ಟು, ತಮ್ಮ ಫೋನನ್ನೂ ಕೊಟ್ಟರು. ಅಕ್ಕನಿಗೆ ಭಾವನ ನಂಬರ್ ಬಾಯಿಪಾಠ. ಏನೂ ಆಗಿಲ್ಲವೆಂದುಬಿಡು ಎಂದು ನಾನು ಸನ್ನೆ ಮಾಡಿದೆ. ಅವಳು ಇದ್ದದ್ದು ಇದ್ದ ಹಾಗೇ ಹೇಳಿದಳು. ಆ ಕಡೆಯಿಂದ ಭಾವನ ದನಿ ನನಗೂ ಕೇಳಿತು. "ಅಲ್ಲೇ ಕುಂದ್ರಿ. ನಸುಕಿಗೆ ಇಲ್ಲಿಂದ ಬಿಡ್ತೀನಿ."

ಅಕ್ಕ ಅನ್ನ ಕಲಸಿದಳು, ಉಣ್ಣಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಬೆಳಗ್ಗೆ ಆ ಮನೆಯಾಕೆ ನಮ್ಮನ್ನು ದಂಡೆಗೆ ಎಬ್ಬಿಸಿಕೊಂಡು ಹೋದರು. ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದಿದ್ದ ಗೂಡಿನಿಂದ ಕಡಲಾಮೆ ಮರಿಗಳು ಹೊರಬಿದ್ದಿದ್ದವು. ಅಂಗೈಗಿಂತ ಚಿಕ್ಕವು, ಕಾಲೆಳೆಯುತ್ತ ನೀರಿನತ್ತ ಹೊರಟಿದ್ದವು. "ಇವುಗಳ ಅವ್ವ ಎಲ್ಲಿ?" ಎಂದಳು ಅಕ್ಕ. ಮೊಟ್ಟೆಯಿಟ್ಟು ಹೋದ ತಾಯಿ ತಿರುಗಿ ಬರುವುದಿಲ್ಲ ಎಂದು ಅವರು ಹೇಳಿದರು. "ಎಂಥಾ ಪುಣ್ಯವಂತಿ ಅದು! ಅಡಗಿ ಚಿಂತಿ ಇಲ್ಲ, ಚಾದರ ಒಗಿಯೋದಿಲ್ಲ" ಎಂದು ಅಕ್ಕ ಮತ್ತೆ ನಕ್ಕಳು. ಕೊನೆಯ ಮರಿ ನೀರು ಸೇರುವವರೆಗೂ ನಾವು ಅಲ್ಲಿಂದ ಕದಲಲಿಲ್ಲ.

ಹತ್ತು ಗಂಟೆಗೆಲ್ಲ ಜೀಪು ಬಂತು. ಭಾವ ಚಪ್ಪಲಿಯಲ್ಲಿ ಮರಳು ತುಂಬಿಕೊಂಡು, ಎಡವುತ್ತ ಬಂದರು. ಮೊದಲು ಅಕ್ಕನ ಕೈಕಾಲು ನೋಡಿದರು, ಆಮೇಲೆ ಮುಖ. "ನಡೀರಿ, ಹತ್ರಿ" ಅಂದರು.

ಅಕ್ಕ ಎದ್ದು ನಿಂತಳು. "ತಪ್ಪು ನಂದ ರೀ. ಇಲ್ಲಿ ನೀರಿನ ರೀತಿ ನನಗ ತಿಳೀಲಿಲ್ಲ. ಈಗ ತಿಳದೈತಿ. ಜೀಪು ರೋಡಿನ್ಯಾಗ ಬರ್ಲಿ, ನಾ ನಡದು ಬರ್ತೀನಿ. ಗೋಕರ್ಣದಾಗ ಸಿಗೂಣು."

ಭಾವ ನನ್ನ ಕಡೆ ನೋಡಿದರು. ನಾನು ಕಡಲಿನ ಕಡೆ ನೋಡಿದೆ. ಅವರು ಬಗ್ಗಿ ಅಕ್ಕನ ಚೀಲವನ್ನು ಎತ್ತಿಕೊಂಡಾಗ, ಮುಗಿಯಿತು, ಇನ್ನು ಜೀಪಿಗೆ ಎಸೆಯುತ್ತಾರೆ ಎಂದುಕೊಂಡೆ. "ಭಾಳ ಭಾರ ಐತಲ್ಲ ಇದು" ಎಂದು ಗೊಣಗಿದರು. ಆದರೆ ಹೆಜ್ಜೆ ಕೀಳಲಿಲ್ಲ. ಚೀಲ ಹಿಡಿದುಕೊಂಡು ಹಾಗೇ ನಿಂತಿದ್ದರು. ಅಕ್ಕ ಮೆಲ್ಲಗೆ ಬೆನ್ನು ತಿರುಗಿಸಿದಳು. ಭಾವ ಅವಳ ಒಂದೊಂದೇ ತೋಳನ್ನು ಚೀಲದ ಪಟ್ಟಿಯೊಳಗೆ ತೂರಿಸಿ, ಪಟ್ಟಿ ಎಳೆದು, "ಬಿಗಿ ಆತೇನು?" ಎಂದು ಕೇಳಿದರು.