ಕಾಶಮ್ಮ ವೈನಿ ಕಟ್ಟದ ಒಡಪು

ಕಾಶಮ್ಮ ವೈನಿಯ ಮುಂದಿನ ಎರಡು ಹಲ್ಲು ಭೂಕಂಪದಲ್ಲಿ ಹೋದವೆಂದು ಹೊಸಬರು ತಿಳಿಯುತ್ತಿದ್ದರು. ಭೂಕಂಪದಲ್ಲಿ ಹೋದದ್ದು ಮೊದಲ ಗಂಡ ಮಲ್ಲಿನಾಥ. ಹಲ್ಲು ಹೋದದ್ದು ನಮ್ಮ ಮನೆಯ ಹೊಸ್ತಿಲಲ್ಲಿ.

ನಿಲಂಗಾ ಕಡೆಯ ಹಳ್ಳಿಯಲ್ಲಿ ವಿಧವೆಯಾದವಳನ್ನು ಎರಡು ವರ್ಷದ ಮೇಲೆ ಉಮರ್ಗಾದ ಕಾಳಿನ ವ್ಯಾಪಾರಿ ಶಿವಲಿಂಗಪ್ಪಣ್ಣ ಉಡಿಕಿ ಮದುವೆ ಮಾಡಿಕೊಂಡು ತಂದ. ನಮ್ಮದೂ ಅವರದೂ ಒಂದೇ ಗೋಡೆ. ಗಂಡನ ಹೆಸರನ್ನು ಬರಿದೇ ಹೇಳದೆ ಎರಡು ಸಾಲಿನಲ್ಲಿ ಕಟ್ಟಿ ಹೇಳುವ ಒಡಪಿಗೆ ಓಣಿಯ ಮದುಮಕ್ಕಳೆಲ್ಲ ವೈನಿಯ ಹತ್ತಿರವೇ ಬರುತ್ತಿದ್ದರು. ಆಕೆ ತೊಗರಿ ಹಸನು ಮಾಡುತ್ತಲೇ ಕೇಳುತ್ತಿದ್ದಳು: "ಸಿಟ್ಟಿಗೆ ಬಂದ್ರ ಏನ ಒಗಿತಾನ ನಿನ್ನ ರಾಯ? ತಾಟೋ, ಚಪ್ಪಲೋ?" ಹುಡುಗಿ ನಕ್ಕ ಮೇಲೆ ಒಡಪು ಹುಟ್ಟುತ್ತಿತ್ತು: "ಕುಡಗೋಲಿನ ಬಾಯಾಗ ಜ್ವಾಳದ ದಂಟು, ಬಸವರಾಜರ ಕೂಡ ಏಳು ಜನ್ಮದ ನಂಟು."

ತನ್ನ ಗಂಡನದನ್ನು ಮಾತ್ರ ಕಟ್ಟಿರಲಿಲ್ಲ. ನನ್ನ ಚೊಚ್ಚಲ ಬಸಿರಿನ ಕುಬಸದ ದಿನ ಆರತಿ ತಾಟು ಹಿಡಿದು ಬಂದವಳನ್ನು ಅಡ್ಡಗಟ್ಟಿದವಳು ನಾನೇ. "ಹೆಸರ ಹೇಳೋತನಾ ಒಳಗ ಬಿಡಂಗಿಲ್ಲ ವೈನಿ." ಆಕೆ ಆರತಿ ತಾಟನ್ನು ಎದೆಮಟ್ಟಕ್ಕೆ ಎತ್ತಿ ಹೇಳಿದಳು: "ಕಲ್ಲಿನ ಗ್ವಾಡಿ ಬಿದ್ದರೂ ಬಿಡಲಿಲ್ಲ ಕೈ, ಮಲ್ಲಿನಾಥರ ಹಾದಿನೇ ಕಾಯ್ತದ ಈ ಮೈ."

ಅಂಗಳದ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಶಿವಲಿಂಗಪ್ಪಣ್ಣ ಹಿತ್ತಾಳೆಯ ತಂಬಿಗೆಯೊಂದಿಗೇ ಎದ್ದು ಬಂದ. ಬಾಯಿಗೇ ಹೊಡೆದ. ನನ್ನ ಹಸಿರು ಸೀರೆಯ ಮೇಲೆ ರಕ್ತ ಬಿತ್ತು. ನಮ್ಮತ್ತೆ ಅವನ ಕೊರಳಪಟ್ಟಿ ಹಿಡಿದು ಹೊರಗೆ ನೂಕಿದರು. ವೈನಿ ಹಲ್ಲುಗಳನ್ನು ಅಂಗೈಗೆ ಉಗುಳಿ, "ಕೇಳಿದ್ರಿ, ಹೇಳಿದೆ" ಅಂದಳು.

ಆಮೇಲೆ ವರ್ಷಗಟ್ಟಲೆ ಗೋಡೆಯಾಚೆ ಅದೇ ಜಗಳ. "ಊರಿಗೆಲ್ಲಾ ಕಟ್ಟತಿ. ನನ್ನ ಹೆಸರ ಹಾಕಿ ಒಂದು ಕಟ್ಟು." ಹಿಂದೆಯೇ ಏಟಿನ ಸಪ್ಪಳ. "ಬಡಿದ್ರ ಜ್ವಾಳ ಉದರ್ತದ, ಒಡಪು ಉದರಲ್ಲ" ಎಂದು ಆಕೆಯ ಧ್ವನಿ. ನಮ್ಮವರು ಹೋಗಿ ಬಿಡಿಸುತ್ತಿದ್ದರು. ಮರುವಾರ ಮತ್ತೆ ಅಷ್ಟೇ. ಒಮ್ಮೆ ಅವನು ಎತ್ತಿದ ಕಟ್ಟಿಗೆಯನ್ನೇ ಕಸಿದು ವೈನಿ ಅವನ ಮಣಿಕಟ್ಟಿಗೆ ಬಾರಿಸಿದಳು. ಎಲುಬು ಮುರಿಯಿತು. ನಲವತ್ತು ದಿನ ತಾನೇ ಉಣಿಸಿದಳು. ನಾನು ಹಿಂಡಿಪಲ್ಯ ಕೊಡಲು ಹೋದಾಗ ಅವನು ಮೆಲ್ಲಗೆ ಕೇಳುತ್ತಿದ್ದ: "ಈಗರ ಒಂದು ಕಟ್ಟು, ಕಾಶಿ." ವೈನಿ ಮುಂದಿನ ತುತ್ತು ಕಲಸುತ್ತಿದ್ದಳು.

ಹೋದ ಚಳಿಗಾಲ ಉದಗೀರಿನ ದವಾಖಾನೆಯಲ್ಲಿ ಜ್ವರ ಇಳಿಯದೆ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ಶಿವಲಿಂಗಪ್ಪಣ್ಣ ನಮ್ಮ ಬಾಗಿಲಿಗೆ ಬಂದು ಕೂತ.

"ತಂಗಿ, ನಿನ್ನ ಮುಂದ ಎಲ್ಲಾ ಹೇಳ್ತಿದ್ಳು. ನನ್ನ ಹೆಸರಿಂದು ಒಂದರ ಕಟ್ಟಿದ್ಳೇನು?"

ಇಷ್ಟು ವರ್ಷ ಆಕೆಯ ಬಗಲಲ್ಲಿ ತೊಗರಿ ಆರಿಸಿದವಳು ನಾನು. ಎರಡು ಸಾಲು ಅಲ್ಲೇ ಹೊಂದಿಸಿ ಆಕೆಯದೆಂದು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲಣ್ಣಾ" ಅಂದೆ.

ಅವನು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡ. ಮತ್ತೊಮ್ಮೆ ಬಡಿದುಕೊಂಡ, ಹಣೆ ಒಡೆಯಿತು. ಮೂರನೆಯ ಸಲ ನಾನು ನಡುವೆ ಅಂಗೈ ಇಟ್ಟೆ.