ಉಗ್ರಪ್ಪನವರ ಹದಿನಾಲ್ಕನೇ ನಡೆ

ಬನಶಂಕರಿಯ ಪಾರ್ಕಿನಲ್ಲಿ ಉಗ್ರಪ್ಪ ಹದಿನಾಲ್ಕನೇ ನಡೆಗೆ ಯೋಚಿಸಲು ಕೂತರೆ ಭೂಮಿಯೇ ತಿರುಗುವುದನ್ನು ನಿಲ್ಲಿಸಿ ಕಾಯುತ್ತದೆ ಎಂಬ ಪ್ರತೀತಿ. ಒಮ್ಮೆ ಅವರು ಯೋಚನೆಗೆ ಇಳಿದಾಗ ಎದುರು ಸೈಟಿನಲ್ಲಿ ಪಾಯ ತೋಡುತ್ತಿದ್ದರಂತೆ. ಕಾಯಿ ಎತ್ತುವಷ್ಟರಲ್ಲಿ ಗೃಹಪ್ರವೇಶದ ಊಟಕ್ಕೆ ಎಲೆ ಹಾಕಿದ್ದರಂತೆ. ಈ ಪುರಾಣ ಕಟ್ಟಿದವರು ಅವರಿಗೆ ಚೆಸ್ ಕಲಿಸಿದ ಗೆಳೆಯ, ನಿವೃತ್ತ ಬಸ್ ಕಂಡಕ್ಟರ್ ಸಿದ್ದರಾಜು.

ಉಗ್ರಪ್ಪ ಕದಿರೇನಹಳ್ಳಿಯ ಹಳಬರು. ಹೆಸರಿಗಷ್ಟೇ ಉಗ್ರ. ಬಿಳಿ ಕಾಯಿ ಸಿಕ್ಕರೆ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ದೂಡಿ, ಅದರ ಸುತ್ತ ಮಿಕ್ಕವನ್ನೆಲ್ಲ ಕಾಂಪೌಂಡ್ ಗೋಡೆಯಂತೆ ಜೋಡಿಸುತ್ತಿದ್ದರು. ಆಮೇಲೆ ಮೂರು ದಾರಿ ಎಂದು ಸಿದ್ದರಾಜು ಕಲಿಸಿದ್ದರು: ಎಡಗಡೆಯ ಕಾಲಾಳುಗಳನ್ನು ನಡೆಸಿ ಎದುರಾಳಿಯ ಸಾಲು ಒಡೆಯುವುದು, ನಡುವೆ ನುಗ್ಗುವುದು, ಇಲ್ಲವೇ ಬಲಗಡೆಯಿಂದ ರಾಜನ ಮೇಲೆ ಬೀಳುವುದು.

ಜೆ.ಪಿ. ನಗರದವರ ಮೇಲೆ ಆಡುವ ಪಾರ್ಕಿನ ತಂಡದಲ್ಲಿ ಮೂರನೇ ಜಾಗ ಎಂಟು ವರ್ಷದಿಂದ ಉಗ್ರಪ್ಪನವರದು. ಈ ಸಲ ಗಿರಿನಗರದ ಕಾಲೇಜು ಹುಡುಗಿ ಶಿಲ್ಪಶ್ರೀ ಅದನ್ನು ಕೇಳಿದಳು. ಒಂದೇ ಆಟ, ತಲಾ ಅರ್ಧ ಗಂಟೆ, ಗೆದ್ದವರಿಗೆ ಜಾಗ ಎಂದು ತಂಡದ ನಾಯಕ ಸಿದ್ದರಾಜು ತೀರ್ಪು ಕೊಟ್ಟರು. ಕೊಟ್ಟ ಮೇಲೆ ಹೊಳೆಯಿತು: ಆ ಜಾಗ ಹೋದರೆ ಉಗ್ರಪ್ಪ ಪಾರ್ಕಿಗೇ ಬರಲಿಕ್ಕಿಲ್ಲ.

ಬಿಳಿ ಕಾಯಿ ಉಗ್ರಪ್ಪನವರಿಗೆ ಬಂತು. ಹದಿಮೂರು ನಡೆ ನಾಲ್ಕೇ ನಿಮಿಷದಲ್ಲಿ ಮುಗಿದವು. ಉಗ್ರಪ್ಪ ಗಲ್ಲಕ್ಕೆ ಕೈಯಿಟ್ಟರು.

ಹತ್ತು ನಿಮಿಷ ಕಳೆಯಿತು. ಹದಿನೈದಾಯಿತು.

"ಅಂಕಲ್, ಟೈಮ್ ಓಡ್ತಿದೆ. ಆಮೇಲೆ ನನ್ನ ಬೈಬೇಡಿ."

"ಓಡ್ಲಿ ಬಿಡಮ್ಮ, ಅದಕ್ಕೆ ಮಂಡಿನೋವಿಲ್ಲ."

ಸಿದ್ದರಾಜು ಟವೆಲ್ಲಿನ ತುದಿ ಕಚ್ಚಿ ನಿಂತಿದ್ದರು. ಮಹಾಸೇನಾನಿ ಮೂರೂ ರಣತಂತ್ರಗಳನ್ನು ತೂಗಿ ನೋಡುತ್ತಿದ್ದಾನೆ!

ಇಪ್ಪತ್ತನೇ ನಿಮಿಷಕ್ಕೆ ಉಗ್ರಪ್ಪ ಎಡಗಡೆಯ ಕಾಲಾಳನ್ನು ಎರಡು ಮನೆ ಮುಂದಿಟ್ಟರು. ಆಮೇಲೆ ಕೈ ನಿಲ್ಲಲೇ ಇಲ್ಲ. ಶಿಲ್ಪಶ್ರೀಯ ಸಾಲು ಒಡೆಯಿತು, ಒಂಟಿಯಾದ ಒಂದು ಕಾಲಾಳು ಉದುರಿತು, ಆ ಸಂದಿಯಲ್ಲಿ ಬಿಳಿ ಆನೆ ನುಗ್ಗಿತು. ಉಗ್ರಪ್ಪನವರ ಗಡಿಯಾರದಲ್ಲಿ ಇನ್ನು ನಲವತ್ತು ಸೆಕೆಂಡು ಉಳಿದಿರುವಾಗ ಅವಳು ಸೋಲೊಪ್ಪಿ ಕೈ ಚಾಚಿದಳು.

"ಸಖತ್ತಾಗಿ ಆಡಿದ್ರಿ ಅಂಕಲ್. ಮುಂದಿನ ವರ್ಷ ಬಿಡಲ್ಲ."

ಸಿದ್ದರಾಜು ಗೆಳೆಯನನ್ನು ಅಪ್ಪಿಕೊಂಡರು. ಸುತ್ತ ನೆರೆದಿದ್ದವರಿಗೆಲ್ಲ ಕೇಳಿಸುವಂತೆ, "ನಾನ್ ಹೇಳ್ಕೊಟ್ಟಿದ್ದು ಮೂರು ಪ್ಲಾನು! ಇವ್ರಿಗೆಲ್ಲ ಹೇಳೋ, ಮೂರರಲ್ಲಿ ಇದನ್ನೇ ಹೆಂಗ್ ಆರಿಸ್ದೆ?" ಎಂದರು.

ಉಗ್ರಪ್ಪ ಚಪ್ಪಲಿ ಹುಡುಕುತ್ತ ಹೇಳಿದರು:

"ಇನ್ನೆರಡು ನೆನಪೇ ಆಗ್ಲಿಲ್ಲ ಕಣೋ."