ಅತ್ತೆಯ ಮುಷ್ಟಿಯೊಳಗಿನ ಮೆಣಸು

ಇವತ್ತು ಸಂಜೆ ಪಕ್ಕದ ಮನೆಯಲ್ಲಿ ಒಣಮೆಣಸು ಹುರಿದರು. ನಾನು ಸೀನಿದೆ. ನನ್ನ ಮನೆಗೆ ಬಂದು ಕೂತಿದ್ದ, ಶಾಲೆಗೆ ಹೊಸದಾಗಿ ಸೇರಿದ ಟೀಚರೂ ಸೀನಿದಳು. ಆಮೇಲೆ ನಕ್ಕದ್ದು ಮಾತ್ರ ನಾನೊಬ್ಬಳೇ. ಕಾರಣವಿಲ್ಲದೆ ನಗುವ ಹೆಂಗಸಿನ ಬಗ್ಗೆ ಊರು ಏನು ಹೇಳುತ್ತದೆಂದು ನಿಮಗೂ ಗೊತ್ತು. ಕಾರಣ ಹೇಳಿಬಿಡುವುದು ಕ್ಷೇಮ.

ಕೆಲವು ವರ್ಷಗಳ ಹಿಂದೆ, ಎಂ.ಎ. ಮುಗಿಸಿ ಪುತ್ತೂರಿನಲ್ಲಿ ಪಾಠಕ್ಕೆ ಸೇರಿದಾಗ, ನಾನು ಅಲ್ಲೇ ದರ್ಬೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿದ್ದೆ. ಕಡಬದ ನಮ್ಮ ಮನೆಯಿಂದ ದಿನಾ ಬಂದು ಹೋಗುವುದು ಆಗದ ಮಾತು. ಆ ವರ್ಷ ನನಗೆ ಏನೋ ಆಯಿತು. ಅದು ಏನೆಂದು ಹೇಳುವುದನ್ನು ಎಂ.ಎ.ಯಲ್ಲಿ ಕಲಿಸಿರಲಿಲ್ಲ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ತರಗತಿಯಲ್ಲಿ ಭೂಪಟದ ಮೇಲೆ ಕೋಲಿಟ್ಟು ಸಿಲೋನ್ ತೋರಿಸುವಾಗ ಕಣ್ಣು ತುಂಬಿಬಿಡುತ್ತಿತ್ತು. ಸಿಲೋನಿನಲ್ಲಿ ನನ್ನವರು ಯಾರೋ ತೀರಿಹೋಗಿರಬೇಕೆಂದು ಮಕ್ಕಳು ಗೌರವದಿಂದ ಸುಮ್ಮನಿರುತ್ತಿದ್ದರು.

ಮಂಗಳೂರಿನಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದಾರೆ, ಸೂಜಿ ಚುಚ್ಚುವುದು ಕಡಿಮೆ, ಮಾತಾಡಿಸುವುದೇ ಹೆಚ್ಚು ಎಂದು ಗೆಳತಿಯೊಬ್ಬಳು ಹೇಳಿದಳು. ಅದೇ ನನಗೆ ಭಯ. ತಲೆನೋವು ಬಂದರೂ ಅಮ್ಮನಿಗೆ ಹೇಳದ ನಾನು ಅಪರಿಚಿತರೆದುರು ಕೂತು ಮಾತಾಡುವುದೆ? ಸೂಜಿಯೇ ವಾಸಿ. ಸೋಮವಾರ ಹೋಗುವುದೆಂದು ನಿಶ್ಚಯಿಸುತ್ತಿದ್ದೆ, ಮಂಗಳವಾರ ಬೇಡವೆಂದು.

ಕೊನೆಗೆ ಒಂದು ದಿನ ಅತ್ತೆ ಕಲ್ಲಿನಲ್ಲಿ ದೋಸೆಗೆ ಅಕ್ಕಿ ಕಡೆಯುತ್ತಿದ್ದಾಗ ಹತ್ತಿರ ಹೋಗಿ ನಿಂತೆ. ಅವರು ಮುಖವೆತ್ತಲಿಲ್ಲ.

“ಹೇಳು ಮಗಾ, ಕಡೆಯುತ್ತಾ ಕೇಳ್ತೇನೆ.”

ಕಡೆಯುವ ಕಲ್ಲಿನ ಸದ್ದಿಗೆ ನನ್ನ ಮಾತು ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೇ ಹೇಳಲು ಸಾಧ್ಯವಾಯಿತು. ಆದರೆ ಕಲ್ಲು ನಿಂತಾಗ ನಾನು ನಿಲ್ಲಿಸಲು ಮರೆತೆ. ಜಗಲಿಯಲ್ಲಿದ್ದ ಮಾವನ ಕಿವಿಗೆ ಮಂಗಳೂರಿನ ಡಾಕ್ಟರು ಬಿದ್ದರು.

“ಹುಚ್ಚಿನ ಡಾಕ್ಟ್ರಾ? ನಾಳೆ ಸಂಬಂಧ ಕೇಳಿಕೊಂಡು ಬರುವವರಿಗೆ ಎಂತ ಹೇಳುದು?”

“ಯಾರು ಬರುವವರು? ಪೋಸ್ಟಿನವ ಬಿಟ್ಟರೆ ಈ ಮನೆಗೆ ಯಾರು ಬಂದಿದ್ದಾರೆ?” ಎಂದರು ಅತ್ತೆ.

“ಅದು ದೃಷ್ಟಿ ಮಾರಾಯ್ತಿ. ಇಷ್ಟು ಓದಿದ ಹುಡುಗಿ ದಿನಾ ಪೇಟೆಯಲ್ಲಿ ನಡೆದುಕೊಂಡು ಹೋದ್ರೆ ಕಣ್ಣು ಬೀಳದೆ ಇರ್ತದಾ?”

“ಹಾಗಾದ್ರೆ ತೆಗೆದು ನೋಡುವ. ಘಾಟು ಬಂದ್ರೆ ದೃಷ್ಟಿ ಅಲ್ಲ. ಮತ್ತೆ ನೀವು ಬಾಯಿ ಹಾಕ್ಲಿಕ್ಕಿಲ್ಲ.”

ಮಾವ ಒಪ್ಪಿದರು. ನಿಯಮ ನಮ್ಮ ಕಡೆ ಎಲ್ಲರಿಗೂ ತಿಳಿದದ್ದೇ: ನಿವಾಳಿಸಿದ ಒಣಮೆಣಸು ಕೆಂಡಕ್ಕೆ ಬಿದ್ದು ಯಾರೂ ಕೆಮ್ಮದಿದ್ದರೆ ದೃಷ್ಟಿ ತಾಗಿದೆ, ಕೆಮ್ಮಿದರೆ ತಾಗಿಲ್ಲ. ನಾನೂ ಒಪ್ಪಿದೆ. ತರ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವಳು ಮನಸ್ಸಿನಲ್ಲೇ ಗೆರೆ ಎಳೆದುಕೊಂಡೆ: ಕೆಮ್ಮು ಬಂದರೆ ಮಂಗಳೂರು, ಬಾರದಿದ್ದರೆ ಮತ್ತೆ ಅದೇ ಸಿಲೋನ್. ಬೇರೆ ಯಾರಾದರೂ, ಒಂದು ಒಲೆಯಾದರೂ ಸರಿ, ತೀರ್ಮಾನ ಮಾಡಿದರೆ ಸಾಕಾಗಿತ್ತು.

ಮುಸ್ಸಂಜೆಗೆ ನನ್ನನ್ನು ನಿಲ್ಲಿಸಿ, ಉಪ್ಪು ಮೆಣಸು ಹಿಡಿದ ಮುಷ್ಟಿಯನ್ನು ತಲೆಯಿಂದ ಕಾಲಿನವರೆಗೆ ಇಳಿಸಿ, ಹೋದವರ ಕಣ್ಣು ಬಂದವರ ಕಣ್ಣು ಎಂದು ಗೊಣಗಿ, ಅತ್ತೆ ಎಲ್ಲವನ್ನೂ ಬಚ್ಚಲಿನ ಒಲೆಗೆ ಹಾಕಿದರು.

ಮುಂದಿನದನ್ನು ನೋಡಲು ನನಗೆ ಕಣ್ಣಿರಲಿಲ್ಲ. ಮಾವ ಕೆಮ್ಮುತ್ತಾ ಅಂಗಳಕ್ಕಿಳಿದರು. ಬೆಕ್ಕು ಮರುದಿನದವರೆಗೆ ಮನೆಗೆ ಬರಲಿಲ್ಲ. ಬೇಲಿಯಾಚೆಯಿಂದ ಐಸಮ್ಮ ತಲೆಯ ಬಟ್ಟೆಯನ್ನು ಮೂಗಿಗೊತ್ತಿಕೊಂಡು ಕೇಳಿದರು:

“ಎಂತ ಮಾರಾಯ್ತಿ, ನಮ್ಮನ್ನು ಊರು ಬಿಡಿಸುದಾ?”

“ದೃಷ್ಟಿ ಇಲ್ಲ ಐಸಮ್ಮ,” ಅತ್ತೆ ಕಣ್ಣೊರೆಸಿಕೊಂಡರು. “ಒಂಚೂರೂ ಇಲ್ಲ.”

ಮಾವ ಮಾತು ಹೊರಡದೆ ಕೈಯಾಡಿಸಿದರು. ಅತ್ತೆ ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡರು.

ಮಂಗಳೂರಿನ ಡಾಕ್ಟರೂ ನಮ್ಮ ಕಡೆಯ ಸುಳ್ಯದವರೇ. ಬರುವುದೆಂದು ಹೇಗೆ ತೀರ್ಮಾನಿಸಿದಿರಿ ಎಂದು ಮೊದಲೇ ಕೇಳಿದರು. ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಉತ್ತರಗಳಲ್ಲಿ ಒಂದೂ ನೆನಪಾಗದೆ, ಮೆಣಸಿನ ಕತೆ ಹೇಳಿದೆ. ಅವರು ನಗದೆ ಕೇಳಿ, ಗಂಭೀರವಾಗಿ ಅಂದರು:

“ಎಷ್ಟು ಮೆಣಸು ಹಾಕಿದ್ರು? ನಮ್ಮ ಅಮ್ಮ ಐದು ಹಾಕುದು.”

ನಮ್ಮಲ್ಲೂ ಐದೋ ಏಳೋ. ಆದರೆ ಆ ಸಂಜೆ ಅತ್ತೆಯ ಮುಷ್ಟಿ ಪೂರ್ತಿ ಮುಚ್ಚಿರಲಿಲ್ಲ. ಬೆರಳ ಸಂದುಗಳಿಂದೆಲ್ಲ ತೊಟ್ಟುಗಳು ಇಣುಕುತ್ತಿದ್ದವು. ಮರುದಿನ ಸಾರು ಬೆಳ್ಳಗಿತ್ತು. ಮೆಣಸು ಹಾಕ್ಲಿಕ್ಕೆ ಮರೆತೆಯಾ ಎಂದು ಮಾವ ಕೇಳಿದಾಗ, ಮುಗಿದಿದೆ ಎಂದಿದ್ದರು ಅತ್ತೆ.

ಡಾಕ್ಟರ ಎದುರು ನಾನು ನಕ್ಕೆ. ಎಷ್ಟೋ ತಿಂಗಳ ಮೇಲೆ ಬಂದ ಆ ನಗು ನಡುವೆಲ್ಲೋ ಅಳುವಾಯಿತು. ಅವರು ನೀರಿನ ಲೋಟ ನನ್ನತ್ತ ಸರಿಸಿದರು. ಆಮೇಲೂ ಹಲವು ಸಲ ಹೋದೆ. ವಾಸಿಯಾಯಿತೇ ಎಂದು ಕೇಳಿದರೆ, ಸಿಲೋನ್ ಈಗ ಬರೀ ಸಿಲೋನ್.

ಇಷ್ಟೆಲ್ಲ ನೆನಪಾಗಿ ನಕ್ಕವಳು ಎದುರಿಗಿದ್ದ ಟೀಚರ್ ಹುಡುಗಿಯನ್ನು ನೋಡಿದೆ. ಒಂದು ವಾರದಿಂದ ಅವಳು ಸಂಜೆ ಬಂದು ಕೂರುತ್ತಾಳೆ, ಚಹಾ ಕುಡಿಯದೆ ಆರಲು ಬಿಡುತ್ತಾಳೆ, “ಎಂತ ಇಲ್ಲಕ್ಕ” ಎಂದು ಎದ್ದು ಹೋಗುತ್ತಾಳೆ. ನಾನಾಗಿ ಯಾರನ್ನೂ ಏನೂ ಕೇಳುವವಳಲ್ಲ. ಒಳಗೆ ಹೋಗಿ, ಆಗಷ್ಟೇ ನೆನೆಹಾಕಿದ್ದ ಅಕ್ಕಿಯನ್ನು ಕಲ್ಲಿಗೆ ಸುರಿದು ಅವಳನ್ನು ಹತ್ತಿರ ಕರೆದೆ. ನೆನೆಯದ ಅಕ್ಕಿಗೆ ಸದ್ದು ಜಾಸ್ತಿ, ಒಳ್ಳೆಯದೇ ಆಯಿತು.

“ಹೇಳು,” ಅಂದೆ, ಮುಖವೆತ್ತದೆ. “ಕಡೆಯುತ್ತಾ ಕೇಳ್ತೇನೆ.”